ಓದಲು ಬರುತ್ತದೆ, ಅರ್ಥವಾಗುವುದಿಲ್ಲ: ಬೊಟೊರಿಟಾದ ಕಂಚಿನ ಫಲಕ

ಅಳಿದುಹೋದ ಭಾಷೆಯೊಂದರ ಮಾತು ಬಂದರೆ ವಿದ್ಯಾರ್ಥಿಗಳು ಮೊದಲು ಕೇಳುವುದು, ‘ಅದರ ಲಿಪಿಯನ್ನು ಓದಿದ್ದಾರೆಯೇ?’ ಎಂದು. ಈಗಿನ ಸ್ಪೇನಿನ ನಡು ಮತ್ತು ಈಶಾನ್ಯ ಭಾಗದಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ಬಳಕೆಯಲ್ಲಿದ್ದ, ಐರಿಷ್‌ನಂತೆ ಸೆಲ್ಟಿಕ್ ಬಳಗಕ್ಕೆ ಸೇರಿದ ಸೆಲ್ಟಿಬೀರಿಯನ್ ಭಾಷೆಯ ಮಟ್ಟಿಗೆ ಆ ಕೆಲಸ 1920ರ ದಶಕದಲ್ಲೇ ಆಗಿದೆ. ಮಾಡಿದವರು ಸ್ಪೇನಿನ ವಿದ್ವಾಂಸ ಮಾನ್ವೆಲ್ ಗೋಮೆಸ್-ಮೊರೆನೊ. ತೊಡಕು ಶುರುವಾಗುವುದು ಅಲ್ಲಿಂದ ಮುಂದೆ.

ಆ ಲಿಪಿ ಸೆಲ್ಟರದಲ್ಲ, ನೆರೆಯ ಐಬೀರಿಯನ್ನರದು. ಸ್ವರಗಳಿಗೂ ನ, ರ, ಲಗಳಂಥ ವ್ಯಂಜನಗಳಿಗೂ ಬಿಡಿ ಅಕ್ಷರಗಳಿವೆ. ಕ, ತ, ಬಗಳಿಗೆ ಮಾತ್ರ ಸ್ವರ ಸೇರಿದ ಗುಣಿತಾಕ್ಷರಗಳು. ತಮಿಳಿನಲ್ಲಿರುವಂತೆ ಕ-ಗ, ತ-ದ ಭೇದವನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ಒತ್ತಕ್ಷರವಂತೂ ಇಲ್ಲವೇ ಇಲ್ಲ. ಹಾಗಾಗಿ ರೋಮನ್ನರು ‘ಕೊಂಟ್ರೆಬಿಯಾ’ ಎಂದು ಬರೆದ ಊರಿನ ಹೆಸರು ಸೆಲ್ಟಿಬೀರಿಯನ್ ನಾಣ್ಯಗಳ ಮೇಲೆ ‘ಕೊನ್ತೆರ್ಬಿಯಾ’ ಎಂದಾಗಿದೆ.

ಆ ಹೆಸರಿನ ಊರುಗಳಲ್ಲಿ ಒಂದಿದ್ದದ್ದು ಸ್ಪೇನಿನ ಸರಗೋಸಾ ನಗರದ ಬಳಿಯ ಬೊಟೊರಿಟಾದಲ್ಲಿ. 1970ರಲ್ಲಿ ಅಲ್ಲಿ ಎರಡೂ ಬದಿ ಕೊರೆದ ಕಂಚಿನ ಫಲಕವೊಂದು ಸಿಕ್ಕಿತು. ಅದರಲ್ಲೊಂದು ಕಡೆ ಹೀಗಿದೆ: ‘ನೆಕ್ವೆ ವೆರ್ತೌನೆಯ್ ಲಿತೋಮ್, ನೆಕ್ವೆ ತೌನೆಯ್ ಲಿತೋಮ್, ನೆಕ್ವೆ ಮಸ್ನಾಯ್ ತಿಜೌನೆಯ್ ಲಿತೋಮ್.’ ‘ನೆಕ್ವೆ’ ಲ್ಯಾಟಿನ್ನಿನ ‘ನೆಕ್ವೆ’ಯೇ, ಅಂದರೆ ‘ಅದೂ ಇಲ್ಲ’; ಅದರ ಕೊನೆಯ ‘ಕ್ವೆ’ ಸಂಸ್ಕೃತದ ‘ಚ’ಕಾರಕ್ಕೆ ಒಡಹುಟ್ಟು. ‘ವೆರ್’ ಎಂಬುದು ‘ಉಪರಿ’ಯ ಬಳಗದ್ದು; ಸೆಲ್ಟಿಕ್ ಭಾಷೆಗಳಲ್ಲಿ ಮೂಲದ ಪಕಾರ ಬಿದ್ದುಹೋಗುತ್ತದೆ. ‘ಲಿತೋಮ್’ ಎಂದರೆ ‘ಅನುಮತಿ ಇದೆ’ ಎಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಅಲ್ಲಿಗೆ ನಮ್ಮ ಕೈಗೆ ಬರುವುದಿಷ್ಟು: ಇದನ್ನು ಮಾಡಕೂಡದು, ಅದನ್ನೂ ಮಾಡಕೂಡದು, ಮತ್ತೊಂದನ್ನೂ ಮಾಡಕೂಡದು. ಏನನ್ನು? ಆ ಮೂರು ಕ್ರಿಯಾಪದಗಳ ಬಗ್ಗೆಯೇ ಜಗಳ.

ಈ ಫಲಕಕ್ಕೆ ನಿರರ್ಗಳವಾದ ಪೂರ್ಣ ಅನುವಾದಗಳು ಬಂದಿವೆ. ಒಂದಕ್ಕೊಂದು ತಾಳೆಯಾಗುವುದಿಲ್ಲ. ಬಹಳಷ್ಟು ಕಡೆ ಧಾತುವನ್ನು ಐರಿಷ್‌ನಲ್ಲೋ ಸಂಸ್ಕೃತದಲ್ಲೋ ಹುಡುಕಿ, ಅಲ್ಲಿನ ಅರ್ಥವನ್ನೇ ಇಲ್ಲಿಗೆ ಹೊಂದಿಸಿದ್ದಾರೆ. ಈ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಧಾತು ಒಂದೇ ಆದರೂ ಭಾಷೆಯಿಂದ ಭಾಷೆಗೆ ಅರ್ಥ ಎಷ್ಟು ದೂರ ಸರಿಯುತ್ತದೆ ಎಂಬುದನ್ನು ಬಲ್ಲವರೇ ಹೀಗೆ ಮಾಡುವುದು ನೋವಿನ ಸಂಗತಿ. ವ್ಯಾಕರಣ ಎಲ್ಲಿಯವರೆಗೆ ಕೈಹಿಡಿಯುತ್ತದೆಯೋ ಅಲ್ಲಿಯವರೆಗೆ ನಡೆದು, ಮುಂದಿನ ಜಾಗವನ್ನು ಖಾಲಿ ಬಿಡಬೇಕು.

ಅದೇ ಊರಿನಲ್ಲಿ ಲ್ಯಾಟಿನ್ ಫಲಕವೂ ಸಿಕ್ಕಿದೆ: ಕ್ರಿ.ಪೂ. 87ರ, ಕಾಲುವೆಗಾಗಿ ಕೊಂಡ ಜಮೀನಿನ ವ್ಯಾಜ್ಯದ ತೀರ್ಪು. ಆದರೆ ಅದು ಮೊದಲನೆಯದರ ಅನುವಾದವಲ್ಲ. 1992ರಲ್ಲಿ ಅಲ್ಲೇ ಸಿಕ್ಕ ಇನ್ನೊಂದು ಫಲಕ ಸೆಲ್ಟಿಬೀರಿಯನ್ ಭಾಷೆಯ ಅತಿ ದೊಡ್ಡ ಶಾಸನ. ತುಂಬ ಇರುವುದು ಇನ್ನೂರಕ್ಕೂ ಹೆಚ್ಚು ಜನರ ಹೆಸರುಗಳೇ. ವಾಕ್ಯಗಳಿಗಾಗಿ ಕಾದವರಿಗೆ ನಿರಾಸೆಯಾಯಿತು. ನನಗೆ ಮಾತ್ರ ಅದು ಬಲು ಬೆಲೆಯುಳ್ಳದ್ದು: ಕುಲನಾಮಗಳು ‘ಕುಮ್’ ಎಂದು ಕೊನೆಗೊಳ್ಳುವ ಷಷ್ಠೀ ಬಹುವಚನ ಅಲ್ಲಿ ಸಾಲುಸಾಲಾಗಿ ಸಿಗುತ್ತದೆ, ಅದರಲ್ಲಿ ಊಹೆಗೆ ಎಡೆಯಿಲ್ಲ.