ಸಿಸ್ಟರ್‌ಗೆ ಸ್ಟ್ರೆಸ್ ಇದ್ರೆ ಪೇಷಂಟ್‌ಗೆ ನಿಜವಾಗ್ಲೂ ತೊಂದ್ರೆ ಆಗುತ್ತಾ?

ಪ್ರಶ್ನೆ: ಕೋವಿಡ್ ಎರಡನೇ ಅಲೇಲಿ ನಮ್ಮಪ್ಪ ವಾರ್ಡಲ್ಲಿದ್ರು, ಫೋನ್ ಮಾಡಿದ್ರೆ "ಕರೆದ್ರೂ ಯಾರೂ ಬರಲ್ಲ, ಬಂದ್ರೂ ಸಿಡುಕ್ತಾರೆ" ಅಂತಿದ್ರು. ನರ್ಸ್‌ಗಳಿಗೆ ಸ್ಟ್ರೆಸ್ ಇತ್ತು ಅಂತ ಎಲ್ರೂ ಹೇಳ್ತಾರೆ. ಅದರಿಂದ ಟ್ರೀಟ್ಮೆಂಟ್ ಕೆಡುತ್ತಾ, ಇಲ್ಲ ಅದೊಂದು ನೆಪಾನಾ?

ಉತ್ತರ: ಕೆಡುತ್ತೆ. ಆದ್ರೆ ಸ್ಟ್ರೆಸ್ ಅಂದ ತಕ್ಷಣ ಎಲ್ರೂ ಆ ಸಿಸ್ಟರ್ ಮೂಡು, ತಾಳ್ಮೆ ಬಗ್ಗೆ ಮಾತು ಶುರು ಮಾಡ್ತಾರೆ, ಆ ಶಿಫ್ಟಲ್ಲಿ ಅವಳ ತಲೆ ಮೇಲೆ ಎಷ್ಟು ಬೆಡ್ ಹಾಕಿದ್ರು ಅಂತ ಯಾರೂ ಕೇಳಲ್ಲ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕ ಪ್ರಕಾರ ಜನರಲ್ ವಾರ್ಡಲ್ಲಿ ಐದು ಪೇಷಂಟ್‌ಗೆ ಒಬ್ರು, ಟೀಚಿಂಗ್ ಆಸ್ಪತ್ರೇಲಿ ಮೂರಕ್ಕೆ ಒಬ್ರು, ಐಸಿಯುನಲ್ಲಿ ಒಬ್ರಿಗೆ ಒಬ್ರು ಇರ್ಬೇಕು. ಇದೆಲ್ಲ ಕಾಗದದ ಮೇಲೆ. ಹದಿನೈದು ಇಪ್ಪತ್ತು ಬೆಡ್ ಒಬ್ರೇ ನೋಡ್ಕೊಳ್ಳೋದು ಕೋವಿಡ್‌ಗೆ ಮುಂಚೇನೂ ನಮ್ಮಲ್ಲಿ ಹೊಸದಾಗಿರ್ಲಿಲ್ಲ.

ಹಾಗಾದ್ರೆ ಆಗ ಹೆಂಗೆ ನಡೀತಿತ್ತು? ಅಟೆಂಡರ್, ಅಂದ್ರೆ ಪೇಷಂಟ್ ಜೊತೆ ಇರೋ ಮನೆಯವ್ರು, ಇರ್ತಿದ್ರು ನೋಡಿ. ನಮ್ಮ ಆಸ್ಪತ್ರೆಗಳಲ್ಲಿ ಗಂಜಿ ಕುಡಿಸೋದು, ಬೆಡ್‌ಪ್ಯಾನ್ ಕೊಡೋದು, ಮಗ್ಗುಲು ಬದಲಾಯ್ಸೋದು, "ಸಿಸ್ಟರ್ ಡ್ರಿಪ್ ಖಾಲಿ ಆಯ್ತು" ಅಂತ ಓಡಿ ಬಂದು ಹೇಳೋದು, ಇದೆಲ್ಲ ಮಾಡೋದು ಪೇಷಂಟ್ ಹೆಂಡ್ತಿನೋ ಮಗಾನೋ. ನರ್ಸಿಂಗ್‌ನ ಅರ್ಧ ಕೆಲಸ ಮನೆಯವ್ರದ್ದೇ, ಇದನ್ನ ಯಾರೂ ಬಾಯಿಬಿಟ್ಟು ಒಪ್ಕೊಳ್ಳಲ್ಲ ಅಷ್ಟೇ. ಹೆಚ್ಚಿನ ಕೋವಿಡ್ ವಾರ್ಡುಗಳಲ್ಲಿ ಅಟೆಂಡರ್‌ನ ಒಳಗೆ ಬಿಡ್ತಿರ್ಲಿಲ್ಲ, ಹಾಗಾಗಿ ಅಷ್ಟೂ ಕೆಲಸ ಮೈ ಪೂರ್ತಿ ಮುಚ್ಚೋ ಪಿಪಿಇ ಕಿಟ್ ಹಾಕ್ಕೊಂಡಿರೋ ಸಿಸ್ಟರ್ ಮೇಲೆ ಬಿತ್ತು, ಅದನ್ನ ಹಾಕಿದ್ಮೇಲೆ ಡ್ಯೂಟಿ ಮುಗಿಯೋ ತನಕ ನೀರಿಲ್ಲ ಟಾಯ್ಲೆಟ್ ಇಲ್ಲ, ಪಿರಿಯಡ್ಸ್ ಇದ್ರೂ ಅಷ್ಟೇ, ಗಾಗಲ್ಸ್ ಮಂಜಾಗಿ ರಕ್ತನಾಳ ಕಾಣಲ್ಲ, ಎರಡು ಗ್ಲೌಸ್ ಮೇಲೆ ಬೆರಳಿಗೆ ನಾಡಿ ಸಿಗಲ್ಲ.

ಇಂಥ ಹೊತ್ತಲ್ಲಿ ಇಂಜೆಕ್ಷನ್ ತಪ್ಪೋದು ಕಮ್ಮಿ, ಯಾಕಂದ್ರೆ ಅದು ಚಾರ್ಟಲ್ಲಿ ಬರೀಬೇಕು, ಕೇಳೋರು ಇದ್ದಾರೆ. ಜಾಸ್ತಿ ತಪ್ಪೋದು ಯಾರೂ ಕೇಳದೇ ಇರೋ ಕೆಲಸಗಳು. ಬಿಪ್ಯಾಪ್ (ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಡೋ ಮೆಷಿನ್) ಮೇಲಿರೋ ಅಜ್ಜ ಬಾಯಿ ಒಣಗಿ ನೀರು ಕುಡಿಯಕ್ಕೆ ಮಾಸ್ಕ್ ತೆಗೀತಾರೆ, ವಾಪಸ್ ಸರಿಯಾಗಿ ಹಾಕ್ಕೊಳ್ಳಕ್ಕೆ ಬರಲ್ಲ, ರಕ್ತದಲ್ಲಿರೋ ಆಕ್ಸಿಜನ್ ಮಟ್ಟ (ಸಾಚುರೇಷನ್) ಇಳಿಯಕ್ಕೆ ಶುರುವಾಗುತ್ತೆ, ಮಾನಿಟರ್ ಕೂಗ್ತಾ ಇರುತ್ತೆ, ಸಿಸ್ಟರ್ ಆಚೆ ತುದೀಲಿ ಇನ್ನೊಬ್ರನ್ನ ಬೋರಲು ಮಲಗಿಸ್ತಾ ಇರ್ತಾಳೆ. ಕೇಳಿಸುತ್ತೆ, ಆದ್ರೆ ಇವರನ್ನ ಅರ್ಧಕ್ಕೆ ಬಿಟ್ಟು ಹೋಗಕ್ಕಾಗಲ್ಲ. ಏನು ಮಾಡ್ಬೇಕು ಅಂತ ಗೊತ್ತಿದ್ದೂ ಮಾಡಕ್ಕಾಗದೇ ಇರೋದು, ಸುಸ್ತಿಗಿಂತ ಜಾಸ್ತಿ ಮನಸ್ಸನ್ನ ತಿನ್ನೋದು ಇದೇನೇ. ನಿಮ್ಮಪ್ಪ ಕಂಡ ಸಿಡುಕು ಬಹುಶಃ ಇದರ ಹೊರಗಿನ ರೂಪ. ಹಂಗಂತ ಸಿಡುಕಿದ್ದು ಸರಿ ಅಂತಲ್ಲ.

ಒಬ್ಬ ನರ್ಸಿಗೆ ಜಾಸ್ತಿ ಬೆಡ್ ಹಾಕಿದ್ರೆ ಪೇಷಂಟ್‌ಗೂ ತೊಂದ್ರೆ ಅನ್ನೋದಕ್ಕೆ ಕೋವಿಡ್‌ಗಿಂತ ಹಳೇ ಪುರಾವೆ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ಆಪರೇಷನ್ ಆದ ಪೇಷಂಟ್‌ಗಳ ಲೆಕ್ಕ ತೆಗೆದು ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ತಂಡ 2002ರಲ್ಲಿ ತೋರಿಸಿತ್ತು: ಒಬ್ಬ ನರ್ಸಿಗೆ ಒಬ್ಬ ಪೇಷಂಟ್ ಹೆಚ್ಚಾದ್ರೆ 30 ದಿನದೊಳಗೆ ಸಾಯೋ ಸಂಭವ ಸುಮಾರು 7% ಜಾಸ್ತಿ, ನರ್ಸ್ ಬರ್ನ್‌ಔಟ್ (ಕೆಲಸದಿಂದ ಪೂರ್ತಿ ಬಸವಳಿಯೋದು) ಆಗೋ ಸಂಭವ 23% ಜಾಸ್ತಿ, ಕೆಲಸದ ಮೇಲೆ ಅತೃಪ್ತಿ ಆಗೋ ಸಂಭವ 15% ಜಾಸ್ತಿ. ಅಂದ್ರೆ ನರ್ಸ್ ಸುಸ್ತಾಗೋದಕ್ಕೂ ಪೇಷಂಟ್ ಸ್ಥಿತಿ ಕೆಡೋದಕ್ಕೂ ಒಂದೇ ನಂಟು, ಒಬ್ರ ಮೇಲೆ ಬೀಳೋ ಹೊರೆ.

ಇನ್ನು ಕೆಲಸದ ತೃಪ್ತಿ ವಿಷ್ಯ. ಉಸಿರಾಡಕ್ಕೆ ಒದ್ದಾಡ್ತಿದ್ದೋರು ನಡ್ಕೊಂಡು ಮನೆಗೆ ಹೋದ ದಿನ ಸಿಗೋ ಖುಷಿ ಬೇರೆ ಕೆಲಸದಲ್ಲಿ ಸಿಗಲ್ಲ, ಇದನ್ನ ಕೋವಿಡ್ ಡ್ಯೂಟಿ ಮಾಡಿದ ಯಾರನ್ನ ಕೇಳಿದ್ರೂ ಹೇಳ್ತಾರೆ. ನರ್ಸ್‌ಗಳು ಕೆಲಸ ಬಿಟ್ಟು ಹೋಗಿದ್ದು ಬೇರೆ ಕಾರಣಗಳಿಗೆ: ಕಾಂಟ್ರಾಕ್ಟು, ತಡವಾಗೋ ಸಂಬಳ, ರೂಮ್ ಖಾಲಿ ಮಾಡು ಅನ್ನೋ ಓನರ್ರು. 2020ರ ಮೇನಲ್ಲಿ ಮಣಿಪುರದ ನರ್ಸ್ ಹುಡುಗೀರು ಗುಂಪಾಗಿ ಕೋಲ್ಕತ್ತಾದ ಪ್ರೈವೇಟ್ ಆಸ್ಪತ್ರೆಗಳನ್ನ ಬಿಟ್ಟು ಊರಿಗೆ ಹೋದ್ರು. ಸುಪ್ರೀಂ ಕೋರ್ಟ್ ಹೇಳಿದ್ಮೇಲೆ ರಚನೆಯಾದ ಕೇಂದ್ರದ ಸಮಿತಿ, ಪ್ರೈವೇಟ್‌ನಲ್ಲಿ 50 ಬೆಡ್‌ಗಿಂತ ಚಿಕ್ಕ ಆಸ್ಪತ್ರೇಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗೆ ಕಮ್ಮಿ ಕೊಡಬಾರ್ದು ಅಂತ 2016ರಲ್ಲೇ ಶಿಫಾರಸು ಮಾಡಿತ್ತು, ಅಷ್ಟು ಸಿಗದೇ ಇರೋರು ಇವತ್ತಿಗೂ ಇದ್ದಾರೆ. ಚಪ್ಪಾಳೆ ತಟ್ಟಿದ್ದು ಬೇಜಾರಿಲ್ಲ ಬಿಡಿ, ಅದ್ರಿಂದ ರೂಮ್ ಬಾಡಿಗೆ ಕಟ್ಟಕ್ಕಾಗಲ್ಲ.

ನಿಮಗೊಂದು ಮಾತು. ಮುಂದೆ ಮನೆಯವ್ರನ್ನ ಅಡ್ಮಿಟ್ ಮಾಡೋವಾಗ ಎಸಿ ರೂಮ್ ಇದ್ಯಾ ಅಂತ ಕೇಳೋ ಜೊತೆಗೆ ನೈಟ್ ಶಿಫ್ಟಲ್ಲಿ ಒಬ್ಬ ನರ್ಸಿಗೆ ಎಷ್ಟು ಪೇಷಂಟ್ ಅಂತಾನೂ ಕೇಳಿ. ಕೌಂಟರಲ್ಲಿ ಮೊದ್ಲು ತಬ್ಬಿಬ್ಬಾಗ್ತಾರೆ, ಪರ್ವಾಗಿಲ್ಲ, ಹತ್ತು ಜನ ಕೇಳಿದ್ರೆ ಹನ್ನೊಂದನೇಯವ್ರಿಗೆ ಉತ್ತರ ರೆಡಿ ಇಟ್ಕೊಂಡಿರ್ತಾರೆ.