ಬೋರ್ಡಿಗೂ ಕಾಲು ಬೇಕು

ಒಮ್ಮೆ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡನ್ನು ಸುಮ್ನೆ ಸ್ಟೀಲ್ ತಟ್ಟೆಯ ಮೇಲಿಟ್ಟು ಪವರ್ ಕೊಟ್ಟಿದ್ದೆ. ಕೆಂಪು ದೀಪ ಮಿನುಗಿ ಆರಿತು. ಮತ್ತೆ ಹತ್ತಲೇ ಇಲ್ಲ.

ತಪ್ಪು ನನ್ನದೇ. ಬೋರ್ಡನ್ನು ತಿರುಗಿಸಿ ನೋಡಿ, ಪಿನ್ನುಗಳ ಬೆಸುಗೆ ತುದಿಗಳು ಮುಳ್ಳಿನಂತೆ ಎದ್ದಿರುತ್ತವೆ. 5 ವೋಲ್ಟಿನ ಪಿನ್ನಿನ ಪಕ್ಕದಲ್ಲೇ 3.3 ವೋಲ್ಟಿನದು. ಎರಡಕ್ಕೂ ಲೋಹ ತಾಗಿದರೆ ಕಥೆ ಮುಗೀತು. ಅದಕ್ಕೇ ಬೋರ್ಡನ್ನು ಎತ್ತಿ ಹಿಡಿಯುವ ಸ್ಪೇಸರ್. ಆರು ಮುಖದ ಪುಟ್ಟ ಹಿತ್ತಾಳೆ ಅಥವಾ ನೈಲಾನ್ ಕಂಬ, ಒಳಗೆ ಸ್ಕ್ರೂ ಕಚ್ಚುವ ಮರೆ, ಅಂದರೆ ಸುರುಳಿ ಗೆರೆ.

2012ರಲ್ಲಿ ಬಂದ ಮೊದಲ ಪೈಗೆ ಸ್ಕ್ರೂ ಹಾಕಲು ತೂತೇ ಇರಲಿಲ್ಲ! 2014ರ ಬಿ ಪ್ಲಸ್ ಮಾದರಿಯಲ್ಲಿ ನಾಲ್ಕು ತೂತು ಬಂದವು, 58 ಮತ್ತು 49 ಮಿಲಿಮೀಟರ್ ಅಂತರದಲ್ಲಿ. ಅವುಗಳ ಅಗಲ ಸುಮಾರು 2.7 ಮಿ.ಮೀ., ಅಂದರೆ ಎಂ2.5 (2.5 ಮಿ.ಮೀ. ದಪ್ಪದ) ಸ್ಕ್ರೂಗೆ ಸರಿ. ಆದರೆ ಮನೆಯ ಡಬ್ಬಿಯಲ್ಲಿ ಇರೋದು ಸಾಮಾನ್ಯವಾಗಿ ಎಂ3. ಅದು ತೂರುವುದಿಲ್ಲ ಅಂತ ಡ್ರಿಲ್ ಹಿಡಿಯಬೇಡಿ. ಬೋರ್ಡಿನ ಒಳಪದರಗಳಲ್ಲೂ ತಾಮ್ರದ ಗೆರೆಗಳಿವೆ, ಕತ್ತರಿಸಿಹೋದಾವು. ಆರ್ಡುಯಿನೋ ಊನೋ ಅನ್ನೋ ಇನ್ನೊಂದು ಬೋರ್ಡಿನಲ್ಲಿ ಎಂ3 ನುಗ್ಗುತ್ತದೆ ನಿಜ, ಆದರೆ ಒಂದು ತೂತು ಪಿನ್ ಸಾಲಿಗೆ ಎಷ್ಟು ಹತ್ತಿರ ಅಂದರೆ ಸ್ಕ್ರೂ ತಲೆ ಅಲ್ಲಿ ಕೂರೋದೇ ಇಲ್ಲ. ನಾನು ಅದನ್ನು ಖಾಲಿ ಬಿಟ್ಟು ಮೂರರಲ್ಲೇ ಸುಧಾರಿಸುತ್ತೇನೆ.

ಜಾಸ್ತಿ ಜನ ಎಡವುವುದು ಸ್ಕ್ರೂ ಉದ್ದದಲ್ಲಿ. ಲೆಕ್ಕ ಹಾಕೋಣ. ಬೋರ್ಡಿನ ದಪ್ಪ ಸುಮಾರು 1.6 ಮಿ.ಮೀ. ಮೇಲಿನಿಂದ 6 ಮಿ.ಮೀ. ಸ್ಕ್ರೂ ಹಾಕಿದರೆ 4.4 ಸ್ಪೇಸರ್ ಒಳಗೆ ಇಳಿಯುತ್ತದೆ. ಕೆಳಗೆ ಪೆಟ್ಟಿಗೆಯ ತಳ 2 ಮಿ.ಮೀ. ಇದ್ದರೆ ಅಲ್ಲಿಂದ ಹಾಕಿದ ಇನ್ನೊಂದು 6 ಮಿ.ಮೀ. ಸ್ಕ್ರೂ 4 ಒಳಬರುತ್ತದೆ. ಒಟ್ಟು 8.4. ಸ್ಪೇಸರ್ ಉದ್ದ ಬರೀ 5 ಆದರೆ? ಎರಡು ಸ್ಕ್ರೂಗಳ ತುದಿ ಒಳಗೆ ಗುದ್ದಿಕೊಳ್ಳುತ್ತವೆ. ಎಷ್ಟು ತಿರುಗಿಸಿದರೂ ಬೋರ್ಡು ಗಡಗಡ ಅನ್ನುತ್ತಲೇ ಇರುತ್ತದೆ. ಬಿಗಿಯಾಗಿಲ್ಲ ಅಂದುಕೊಂಡು ಇನ್ನಷ್ಟು ತಿರುಗಿಸುತ್ತೇವೆ, ನೈಲಾನ್ ಆದರೆ ಮರೆಯೇ ಸವೆದುಹೋಗುತ್ತದೆ. 10 ಮಿ.ಮೀ. ಸ್ಪೇಸರ್ ತಂದರೆ ತಕರಾರಿಲ್ಲ.

ಕಂಬಗಳ ಎತ್ತರ ಒಂದೇ ಇರಬೇಕು. ಒಂದು ಗಿಡ್ಡವಾದರೆ ಸ್ಕ್ರೂ ಬಿಗಿಸಿದಂತೆ ಬೋರ್ಡು ಬಾಗುತ್ತದೆ. ಅದರ ಮೇಲಿನ ಸೆರಾಮಿಕ್ ಕೆಪಾಸಿಟರ್‌ಗಳು (ವಿದ್ಯುತ್ ಚಾರ್ಜ್ ಹಿಡಿದಿಡುವ ಪುಟ್ಟ ಬಿಡಿಭಾಗಗಳು) ಹೆಂಚಿನ ಜಾತಿ, ಬಾಗಲಾರವು, ಬಿರುಕು ಬಿಡುತ್ತವೆ. ಬಿರುಕು ಕಣ್ಣಿಗೆ ಕಾಣೋದಿಲ್ಲ. ಇವತ್ತು ಕೆಲಸ ಮಾಡಿದ ಬೋರ್ಡು ತಿಂಗಳಾದ ಮೇಲೆ ಕೈಕೊಟ್ಟಾಗ ನಾವು ಬೈಯೋದು ನಾವು ಬರೆದ ಪ್ರೋಗ್ರಾಂ ಕೋಡನ್ನು, ಅಲ್ವಾ?