ನೆನಪು ನಿಲ್ಲುವುದು ಜಾಗದಲ್ಲಿ: ಹೆಡ್‌ಸೆಟ್‌ಗೆ ಮೊದಲು ಐನ್‌ಮನೆ

ಕೆಎಎಸ್, ಎಫ್‌ಡಿಎ ಪರೀಕ್ಷೆಗೆ ಓದುವವರಿಗೆ ‘ಮೆಮೊರಿ ಪ್ಯಾಲೇಸ್’ ಹೊಸ ಮಾತೇನಲ್ಲ: ನೆನಪಿಡಬೇಕಾದ್ದನ್ನು ಚಿತ್ರವಾಗಿಸಿ, ಒಂದು ದಾರಿಯ ಜಾಗಗಳಲ್ಲಿ ಮನಸ್ಸಿನಲ್ಲೇ ಇಟ್ಟು, ಆಮೇಲೆ ಅದೇ ದಾರಿ ನಡೆದು ನೆನೆಯುವ ಉಪಾಯ. ಈಗ ಅದಕ್ಕೆ ಆ್ಯಪ್, ವಿಆರ್ ಹೆಡ್‌ಸೆಟ್‌ಗಳೂ ಇವೆ. ಪರದೆಯ ಮೇಲೊಂದು ಬಂಗಲೆ, ಅದರೊಳಗೆ ಓಡಾಡುವ ನಿಮ್ಮದೇ ಅವತಾರ್ (ಡಿಜಿಟಲ್ ಗೊಂಬೆ), ಕೋಣೆಗೊಂದು ಪಾಠ. ಬಂಗಲೆ ಹೊಸದು, ಉಪಾಯ ಮಾತ್ರ 2,000 ವರ್ಷಕ್ಕೂ ಹಳೆಯದು. ಅದು ಎಲ್ಲಿಂದ ಬಂತೆಂದು ತಿಳಿದರೆ ಯಾವುದಕ್ಕೆ ದುಡ್ಡು ಸುರಿಯಬೇಕಿಲ್ಲ ಎನ್ನುವುದೂ ತಿಳಿಯುತ್ತದೆ.

ಗ್ರೀಕ್ ಕವಿ ಸಿಮೊನಿಡೀಸ್‌ನ ಕಥೆಯಿಂದ ಇದು ಶುರುವಾಗುತ್ತದೆ. ಔತಣದ ಮನೆಯ ಚಾವಣಿ ಕುಸಿದು ಒಳಗಿದ್ದವರು ಗುರುತೇ ಸಿಗದಂತೆ ಸತ್ತಾಗ, ಯಾರು ಎಲ್ಲಿ ಕೂತಿದ್ದರೆಂದು ನೆನೆದು ಆತ ಒಬ್ಬೊಬ್ಬರನ್ನೂ ಗುರುತಿಸಿದನಂತೆ. ರೋಮಿನ ವಾಗ್ಮಿ ಸಿಸೆರೊ ಇದನ್ನು ಕ್ರಿ.ಪೂ. 55ರಲ್ಲಿ ಬರೆದಿಟ್ಟ. ಕಥೆ ನಿಜವೋ ಸುಳ್ಳೋ, ಕೆಲಸಕ್ಕೆ ಬರುವುದು ಅದೇ ಶತಮಾನದ, ಕರ್ತೃವಿನ ಹೆಸರಿಲ್ಲದ ಒಂದು ಲ್ಯಾಟಿನ್ ಕೈಪಿಡಿ. ಅದರ ಸೂಚನೆಗಳು ಖಚಿತ: ಒಂದು ಜಾಗ ಇನ್ನೊಂದರಂತೆ ಇರಬಾರದು, ತೀರಾ ಕತ್ತಲೂ ಬೇಡ, ಕಣ್ಣು ಕುಕ್ಕುವ ಬೆಳಕೂ ಬೇಡ, ನಡುವೆ ಸುಮಾರು 30 ಅಡಿ ಅಂತರವಿರಲಿ, ಪ್ರತಿ ಐದನೆಯದಕ್ಕೆ ಒಂದು ಗುರುತು ಹಾಕಿ. ಅಲ್ಲಿಡುವ ಚಿತ್ರ ಸಪ್ಪೆಯಾಗಿರದೆ ವಿಚಿತ್ರವಾಗಿ, ನಗು ಬರಿಸುವಂತೆ, ಏನಾದರೂ ಮಾಡುತ್ತಿರುವಂತೆ ಇರಬೇಕು.

ಮೊದಲ ನಿಯಮದ ಪ್ರಕಾರ ಕಾಫಿ ತೋಟವನ್ನು ದಾರಿಯಾಗಿ ಆರಿಸಿದರೆ ಕೆಲಸ ಕೆಟ್ಟಂತೆಯೇ. ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ರೊಬಸ್ಟಾ. ಮುಂದಿನ ಸಾಲೂ ಅದೇ. ಏಳನೆಯ ಮರದಲ್ಲಿಟ್ಟದ್ದು ಹನ್ನೊಂದನೆಯದರಲ್ಲಿ ಸಿಗುತ್ತದೆ. ಐನ್‌ಮನೆ, ಅಂದರೆ ಕೊಡವರ ಕುಟುಂಬದ ಮೂಲಮನೆ, ಹಾಗಲ್ಲ, ಅಲ್ಲಿ ಹೆಜ್ಜೆಗೊಂದು ಬೇರೆಯದೇ ಜಾಗ. ಸಂವಿಧಾನದ 12 ಅನುಸೂಚಿಗಳನ್ನೇ ಇಟ್ಟು ನೋಡಿ. ಓಣಿಯ ತುದಿ, ಅಂಗಳ, ಮೆಟ್ಟಿಲು, ಕಯ್ಯಾಲೆಯ (ಜಗಲಿಯ) ಕಂಬ, ಅಯಿಮರ (ಜಗಲಿಯ ಮರದ ಆಸನ), ಮುಂಬಾಗಿಲು, ನೆಲ್ಲಕ್ಕಿ ನಡುಬಾಡೆಯ (ನಡುಮನೆಯ) ತೂಗುದೀಪ, ಅಟ್ಟದ ಏಣಿ, ಭತ್ತದ ಪತ್ತಾಯ (ಕಣಜ), ಅಡುಗೆಮನೆಯ ಕಿಟಕಿ, ಬಾವಿಕಟ್ಟೆ, ಕೊಟ್ಟಿಗೆ: ಸರಿಯಾಗಿ 12. (ಗತಿಸಿದ ಹಿರಿಯರನ್ನು ನೆನೆಯುವ ಕೋಣೆಯಾದ ಕನ್ನಿ ಕೊಂಬರೆಯನ್ನು ಬೇಕೆಂದೇ ಬಿಟ್ಟಿದೆ. ಹಿರಿಯರ ಜಾಗದಲ್ಲಿ ವಿಕಾರದ ಚಿತ್ರ ಇಡಲು ಯಾರಿಗೂ ಮನಸ್ಸು ಒಪ್ಪುವುದಿಲ್ಲ.) ನಾಲ್ಕನೆಯದು ರಾಜ್ಯಸಭೆಯ ಸ್ಥಾನ ಹಂಚಿಕೆ, ಹಾಗಾಗಿ ಕಯ್ಯಾಲೆಯ ಕಂಬಕ್ಕೆ ಕುರ್ಚಿಗಳನ್ನು ಹಗ್ಗದಿಂದ ಬಿಗಿದಿದೆ. ಎಂಟನೆಯದು ಭಾಷೆಗಳು; ಏಣಿಯ ಮೇಲೆ 22 ಗಿಳಿ, ಒಂದರ ಮಾತು ಇನ್ನೊಂದಕ್ಕೆ ತಿಳಿಯದೆ ಜಗಳ. ಒಂಬತ್ತನೆಯದರಲ್ಲಿ ಭೂಸುಧಾರಣಾ ಕಾಯ್ದೆಗಳಿವೆ, ಪತ್ತಾಯದ ಮೇಲೆ ಗೇಣಿದಾರ ಕಾಲು ಚಾಚಿ ಕೂತಿದ್ದಾನೆ. ಹತ್ತನೆಯದು ಪಕ್ಷಾಂತರ ನಿಷೇಧ. ಖಾದಿ ತೊಟ್ಟವನೊಬ್ಬ ಶಾಲು ಬದಲಿಸುತ್ತಲೇ ಅಡುಗೆಮನೆ ಕಿಟಕಿಯಿಂದ ಹಾರುತ್ತಿದ್ದಾನೆ. ಹನ್ನೆರಡನೆಯದು ನಗರಾಡಳಿತ, ಕೊಟ್ಟಿಗೆಗೆ ಪುರಸಭೆಯ ಕಸದ ಗಾಡಿ ಹಾಡು ಹಾಕಿಕೊಂಡು ನುಗ್ಗಿದೆ.

ಒಂದು ಚಿತ್ರಕ್ಕೆ ಐದಾರು ಸೆಕೆಂಡು ಕೊಟ್ಟರೆ ಸಾಕು. ಹತ್ತು ನಿಮಿಷ ಬಿಟ್ಟು ಒಮ್ಮೆ, ಮರುದಿನ ಒಮ್ಮೆ, ವಾರದ ನಂತರ ಒಮ್ಮೆ ಮನಸ್ಸಿನಲ್ಲೇ ನಡೆಯಿರಿ. ಒಂದು ಸಲ ಕೊಟ್ಟಿಗೆಯಿಂದ ಓಣಿಗೆ ಹಿಂದಕ್ಕೂ ಬನ್ನಿ. ಅದೇ ದಿನ ಅದೇ ಮನೆಯಲ್ಲಿ ಇನ್ನೊಂದು ಪಟ್ಟಿ ಇಟ್ಟರೆ ಹಳೆಯ ಚಿತ್ರಗಳು ಹೊಸದರ ನಡುವೆ ಇಣುಕುತ್ತವೆ. ಎರಡನೆಯ ಪಟ್ಟಿಗೆ ಬೇರೆ ದಾರಿ ಬೇಕು; ಮಡಿಕೇರಿ ಕೋಟೆಯ ಬಾಗಿಲು, ಒಳಗಿನ ಎರಡು ಆನೆ, ಅಲ್ಲಿಂದ ಓಂಕಾರೇಶ್ವರದ ಕೆರೆ ಎಂದು ಹೊರಟರಾಯಿತು.

ನಮ್ಮ ನಾಡಿನ ಕಂಠಪಾಠ ಹೆಚ್ಚಾಗಿ ನಾದವನ್ನು ನಂಬಿದ್ದು. ಪದಗಳನ್ನು ಹಿಂದುಮುಂದಾಗಿ ಜೋಡಿಸಿ ಹೇಳುವ ವೇದದ ಘನಪಾಠವೂ ಹಾಗೆಯೇ, ನಾಲ್ವರು ದುಡಿ (ಸಣ್ಣ ಚರ್ಮವಾದ್ಯ) ಬಾರಿಸುತ್ತ ಹಾಡುವ ಕೊಡವರ ಬಾಳೋಪಾಟ್ ಕೂಡ ಹಾಗೆಯೇ. ಆದರೆ ಅಂಕೆಗಳಿಗೆ ನಮ್ಮಲ್ಲೊಂದು ಸೊಗಸಾದ ಸಾಧನವಿದೆ, ಅಕ್ಷರಕ್ಕೊಂದು ಅಂಕೆ ಕೊಡುವ ಕಟಪಯಾದಿ. ಕ, ಟ, ಪ, ಯ ನಾಲ್ಕೂ 1. ಅಲ್ಲಿಂದ ವರ್ಣಮಾಲೆಯ ಕ್ರಮದಲ್ಲೇ ಎಣಿಕೆ, ಞ ಮತ್ತು ನ ಸೊನ್ನೆ. ಬಂದ ಅಂಕೆಯನ್ನು ಬಲದಿಂದ ಎಡಕ್ಕೆ ಓದಬೇಕು. ಮೇಚಕಲ್ಯಾಣಿ 65ನೇ ಮೇಳವೆಂದು (ಮೂಲರಾಗವೆಂದು) ಸಂಗೀತ ಕಲಿತವರು ಹೇಳುವುದು ಹೀಗೆಯೇ: ಮ 5, ಚ 6. ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡ 1834 ಹೀಗೆ ‘ಜಟೆ–ವಡೆ’ ಆಗುತ್ತದೆ. ಜಟಾಧಾರಿಯೊಬ್ಬ ವಡೆ ಮೆಲ್ಲುತ್ತಿದ್ದಾನೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ 1956 ‘ಧೂಪ–ಚಮಚ’, ಎರಡನೆಯದರಲ್ಲಿ ಮೊದಲೆರಡು ಅಕ್ಷರ ಮಾತ್ರ ಲೆಕ್ಕಕ್ಕೆ. ಮಹಾಪ್ರಾಣ ತಪ್ಪಿದರೆ ವರ್ಷವೇ ತಪ್ಪುತ್ತದೆ: ಧ 9, ದ 8.

ವಿಜ್ಞಾನಿಗಳು ಇದನ್ನು ಅಳೆದದ್ದು ತೀರಾ ಈಚೆಗೆ. ಸ್ಮರಣೆ ಸ್ಪರ್ಧೆಗಳ ನಿಪುಣರ ಮಿದುಳಿನ ರಚನೆಯಲ್ಲಿ ವಿಶೇಷವೇನೂ ಇಲ್ಲ, ಹೆಚ್ಚಿನವರು ಬಳಸುವುದು ಇದೇ ದಾರಿ ತಂತ್ರ ಎಂದು 2003ರಲ್ಲಿ ಲಂಡನ್ನಿನ ಸಂಶೋಧಕರು ತೋರಿಸಿದರು. 2017ರ ಇನ್ನೊಂದು ಅಧ್ಯಯನದಲ್ಲಿ ಸಾಮಾನ್ಯ ಜನ ದಿನಕ್ಕೆ ಅರ್ಧ ಗಂಟೆಯಂತೆ ಆರು ವಾರ ಅಭ್ಯಾಸ ಮಾಡಿದರು. ಮೊದಲು 72 ಪದಗಳಲ್ಲಿ 30ರ ಆಸುಪಾಸು ಹೇಳುತ್ತಿದ್ದವರು ಕೊನೆಗೆ 60ರ ಗಡಿ ದಾಟಿದರು.

ಇನ್ನು ವರ್ಚುವಲ್ ಮನೆಯ ವಿಚಾರ. ಪರದೆಯ ಮೇಲೆ ಕೆಲವೇ ನಿಮಿಷ ನೋಡಿದ ಕಟ್ಟಡವೂ ಪರಿಚಿತ ಮನೆಯಷ್ಟೇ ಕೆಲಸಕ್ಕೆ ಬರುತ್ತದೆಂದು 2012ರ ಪ್ರಯೋಗವೊಂದು ಹೇಳಿತು. 2018ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು 40 ಜನರಿಗೆ ಅರಮನೆಯಲ್ಲಿ ಪ್ರಸಿದ್ಧರ ಮುಖಗಳನ್ನಿಟ್ಟು ತೋರಿಸಿದಾಗ, ಸಾಮಾನ್ಯ ಪರದೆಗಿಂತ ಹೆಡ್‌ಸೆಟ್‌ನಲ್ಲಿ ನೆನಪು ಶೇ. 8.8ರಷ್ಟು ಹೆಚ್ಚಿತ್ತು. ಲಾಭ ಇದೆ, ಆದರೆ ಆರು ವಾರದ ಅಭ್ಯಾಸ ಕೊಟ್ಟದ್ದರ ಮುಂದೆ ಸಣ್ಣದು.

ಅವತಾರ್ ಬಗ್ಗೆ ಒಂದು ಎಚ್ಚರಿಕೆ ಬೇಕು. 2014ರಲ್ಲಿ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು, ತಮ್ಮ ದೇಹದ ಹೊರಗೆ ನಿಂತು ನೋಡುತ್ತಿದ್ದೇವೆ ಎಂಬ ಭ್ರಮೆಯಲ್ಲಿ ಅನುಭವಿಸಿದ ಘಟನೆಗಳು ಜನರಿಗೆ ಕಡಿಮೆ ನೆನಪಿರುತ್ತವೆ ಎಂದು ಕಂಡರು. ಹಾಗಾಗಿ ಆಟಗಳಲ್ಲಿರುವಂತೆ ಅವತಾರ್‌ನ ಬೆನ್ನು ಕಾಣುವ ನೋಟ ಈ ಕೆಲಸಕ್ಕೆ ಒಳ್ಳೆಯದಲ್ಲ ಎಂಬುದು ನಮ್ಮ ಅಂದಾಜು. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ನಿಮ್ಮ ಕಣ್ಣಿನ ಎತ್ತರದ ನೋಟವನ್ನೇ ಆರಿಸಿ. ಅವತಾರ್‌ಗಳನ್ನು ಬೇಕಿದ್ದರೆ ಪಾತ್ರಗಳಾಗಿ ನಿಲ್ಲಿಸಿ. ಕಿಟಕಿಯಿಂದ ಹಾರುವ ಆ ಖಾದಿಯವನಿಗೆ ಅದು ಹೇಳಿ ಮಾಡಿಸಿದ್ದು. ತಲೆ ಸುತ್ತಿದರೆ ಜಾಯ್‌ಸ್ಟಿಕ್‌ನಲ್ಲಿ ನಡೆಯುವುದು ಬಿಟ್ಟು, ಜಾಗದಿಂದ ಜಾಗಕ್ಕೆ ನೆಗೆಯುವ ಆಯ್ಕೆ ಬಳಸಿ.

ಮನಸ್ಸಿನಲ್ಲಿ ಚಿತ್ರವೇ ಮೂಡದವರೂ ಇದ್ದಾರೆ. 2015ರಲ್ಲಿ ಇದಕ್ಕೆ ಅಫ್ಯಾಂಟೇಸಿಯಾ ಎಂದು ಹೆಸರಿಟ್ಟರು. ಅಂಥವರು ಮನೆಯ ಫೋಟೊ ತೆಗೆದು ಅದರ ಮೇಲೇ ಚಿತ್ರ ಅಂಟಿಸಿಕೊಂಡು ನೋಡಬಹುದು. ಹೆಡ್‌ಸೆಟ್‌ನ ನಿಜವಾದ ಉಪಯೋಗ ಅವರಿಗೇ ಹೆಚ್ಚಿರಬಹುದು.